ಚೇಂಬರಿನ ಮುಚ್ಚಳ

"ನಾ ಇಲ್ಲಿ ಕುಂದ್ರಂಗಿಲ್ಲ," ಎಂದು ಸೌಜನ್ಯ ಬ್ಯಾಗು ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋಗಿಯೇಬಿಟ್ಟಳು.

ಪಂಪಾವತಿ ಬಾಯಿ ಬಿಟ್ಟುಕೊಂಡು ನೋಡಿದಳು. ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೂ ಇಬ್ಬರೂ ಅಂಟಿಕೊಂಡೇ ಕೂತವರು. ಒಬ್ಬಳ ಡಬ್ಬಿಯಲ್ಲಿ ಇನ್ನೊಬ್ಬಳ ಕೈ.

"ಯಾಕ ಲೇ? ನಾ ಏನ್ ಮಾಡೀನಿ?"

"ನೀ ಅಲ್ಲ, ನಿಮ್ಮಪ್ಪ! ಸೋಮವಾರ ಮಳ್ಯಾಗ ಪ್ಲಾಂಟಿನ ಹೊಲಸು ನೀರೆಲ್ಲ ಹಳ್ಳಕ್ಕ ಬಿಟ್ಟಾನ. ನಮ್ಮ ಕೊತ್ತಂಬರಿ ಮಡಿ ತುಂಬ ಅದ ನೀರು. ಕಮಲಾಪುರ ಸಂತ್ಯಾಗ ಒಂದು ಕಟ್ಟೂ ಹೋಗ್ಲಿಲ್ಲ. ಮೂಸಿ ನೋಡಿ ವಾಪಸ್ ಇಡ್ತಾರ. ನಮ್ಮವ್ವ ಅತ್ತಾಳ, ಗೊತ್ತೇನು?"

"ನಮ್ಮಪ್ಪ ಬಿಟ್ಟಿಲ್ಲ!"

"ಮತ್ತ ನೀರಿಗೆ ಕಾಲು ಬಂದಾವೇನು?"

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಪಂಪಾವತಿಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು.

ಶಾಲೆ ಬಿಟ್ಟಕೂಡಲೇ ಅವಳು ಮನೆಗೆ ಹೋಗದೆ ಸೀದಾ ಪ್ಲಾಂಟಿಗೆ ಹೋದಳು. ಪ್ಲಾಂಟು ಅಂದರೆ ದೊಡ್ಡ ಫ್ಯಾಕ್ಟರಿ ಅಂದುಕೊಳ್ಳಬೇಡಿ. ಬಾಳೆತೋಟ ದಾಟಿದರೆ ಎರಡು ಟ್ಯಾಂಕು, ಒಂದು ಪಂಪ್ ರೂಮು, ಅಷ್ಟೇ. ಊರಿನ ಬಚ್ಚಲು, ಪಾಯಿಖಾನೆಗಳ ನೀರು ನೆಲದೊಳಗಿನ ಪೈಪಿನಲ್ಲಿ ಇಲ್ಲಿಗೆ ಬರುತ್ತದೆ. ಸ್ವಚ್ಛವಾದ ಮೇಲೆ ಹಳ್ಳ ಸೇರುತ್ತದೆ. ಅದನ್ನು ನೋಡಿಕೊಳ್ಳುವವನು ಅವಳ ಅಪ್ಪ ಪಾಲಪ್ಪ.

ಪಾಲಪ್ಪ ಟ್ಯಾಂಕಿನ ಸುತ್ತ ಬ್ಲೀಚಿಂಗ್ ಪೌಡರ್ ಉದುರಿಸುತ್ತಿದ್ದ. ಮುಖ ಬಾಡಿಹೋಗಿತ್ತು.

"ಅಪ್ಪ, ನೀರು ನೀನ ಬಿಟ್ಟಿಯೇನು?"

"ನಾ ಯಾಕ ಬಿಡ್ಲಿ ಮಗಳ? ಅದ ತುಂಬಿ ಹರೀತು. ಈ ಟ್ಯಾಂಕು ಊರಿನ ಬಚ್ಚಲ ನೀರಿಗೆ ಅಂತ ಕಟ್ಟಿದ್ದು. ಮಳಿ ನೀರಿಗೆ ಓಣ್ಯಾಗ ಬ್ಯಾರೆ ಗಟಾರ ಐತಿ. ಆದ್ರ ಮಳಿ ಬಂತಂದ್ರ ಮಂದಿ ಬಚ್ಚಲ ಪೈಪಿನ ಚೇಂಬರ್ ಮುಚ್ಚಳ ಎತ್ತಿ, ಓಣಿ ನೀರೆಲ್ಲ ಇದರಾಗ ಬಿಡ್ತಾರ. ಮೂರು ಪಟ್ಟು ನೀರು ಬಂದ್ರ ಇದು ಎಲ್ಲಿ ಇಟ್ಕೊಬೇಕು?"

"ಯಾರು ಎತ್ತತಾರ?"

"ಯಾರಂತ ಹೇಳ್ಲಿ? ಮಳಿ ಬಂದಾಗ ನಾ ಇಲ್ಲೇ ಇರ್ತೀನಿ, ನೋಡಿಲ್ಲ. ಇನ್ನೊಮ್ಮೆ ಹಿಂಗಾದ್ರ ಬ್ಯಾರೆಯವರನ್ನ ಇಡ್ತೀವಿ ಅಂತ ಪಂಚಾಯ್ತ್ಯಾರು ಬೈದು ಹೋದ್ರು."

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗಾಯಿತು ಪಂಪಾವತಿಯ ಪಾಡು. ಸೋಮವಾರ ಮನೆಯೊಳಗೆ ನೀರು ನುಗ್ಗುವ ಮೊದಲು ಅಜ್ಜಿ ಊರಮ್ಮ ಹಾರೆ ಹಾಕಿ ಮನೆ ಮುಂದಿನ ಚೇಂಬರಿನ ಮುಚ್ಚಳ ಮೀಟಿದ್ದಳು. ಬಗ್ಗಿ ಎಳೆದವಳು ಇದೇ ಪಂಪಾವತಿ. ನೀರು ಗಿರಗಿರ ಸುತ್ತಿ ಒಳಗೆ ಇಳಿದಾಗ ಚಪ್ಪಾಳೆ ಬೇರೆ ಹೊಡೆದಿದ್ದಳು! ಅಪ್ಪನಿಗೆ ಹೇಳಬೇಕು ಅಂತ ಅನ್ನಿಸಿತು. ಆದರೆ ಹೇಳದೆ ಬ್ಯಾಗು ಎತ್ತಿಕೊಂಡು ಮನೆಗೆ ಓಡಿದಳು.

ಶುಕ್ರವಾರ ಸಂಜೆ ಮತ್ತೆ ಮಳೆ ಧೋ ಎಂದು ಸುರಿಯಿತು. ಅರ್ಧ ಗಂಟೆಯಲ್ಲಿ ಓಣಿಯ ನೀರು ಮೆಟ್ಟಿಲು ಮುಟ್ಟಿತು. ಅಜ್ಜಿ ಸೀರೆ ಎತ್ತಿಕಟ್ಟಿ ಹಾರೆ ಹಿಡಿದು ಬಂದಳು.

"ಬಾರವ್ವ, ಜಲ್ದಿ ಕೈ ಹಚ್ಚು."

ಪಂಪಾವತಿ ಓಡಿ ಬಂದಳು. ಬಂದವಳೇ ಮುಚ್ಚಳದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು. ನೀರು ಸೊಂಟದವರೆಗೆ ಬಂತು.

"ಏನ್ ಹುಚ್ಚು ಹಿಡೀತೇನು ನಿನಗ? ಮನ್ಯಾಗ ನೀರು ಬರ್ತೈತಿ, ಏಳ್!"

"ಬಂದ್ರ ಬರ್ಲಿ! ಇದರಾಗ ಮಳಿ ನೀರು ಬಿಟ್ರ ಅಪ್ಪನ ಟ್ಯಾಂಕು ಹರೀತೈತಿ. ಅಪ್ಪನ್ನ ಕೆಲಸದಿಂದ ತೆಗೀತಾರ. ಸೋಮವಾರ ನಾವ ತೆಗೆದ್ವಲ್ಲಬೇ!" ಹೇಳುತ್ತ ಹೇಳುತ್ತ ಅವಳು ಜೋರಾಗಿ ಅತ್ತಳು.

ಅಜ್ಜಿಯ ಹಾರೆ ಕೆಳಗಿಳಿಯಿತು. "ಅಯ್ಯ ಶಿವನ! ನನ್ನ ಮಗನ ಹೊಟ್ಟಿ ಮ್ಯಾಲೆ ನಾನ ಹೊಡದ್ನೇನು?"

ಆಮೇಲೆ ಅದೇ ಹಾರೆಯಿಂದ ಓಣಿಯ ಗಟಾರವನ್ನು ಕುಕ್ಕತೊಡಗಿದಳು. ಪಂಪಾವತಿ ಕೈಯಲ್ಲೇ ಪ್ಲಾಸ್ಟಿಕ್ ಕವರು, ತೆಂಗಿನ ಚಿಪ್ಪು ಎಳೆದು ಹಾಕಿದಳು. ಆದರೂ ನೀರು ಹೊಸ್ತಿಲು ದಾಟಿತು. ಅಕ್ಕಿ ಚೀಲವನ್ನು ಇಬ್ಬರೂ ಎತ್ತಿ ಮಂಚದ ಮೇಲಿಟ್ಟರು. ಗಟಾರ ಬಿಚ್ಚಿಕೊಂಡು ನೀರು ಇಳಿಯುವ ಹೊತ್ತಿಗೆ ಮನೆಯ ತುಂಬ ಕೆಸರು.

ಅಪ್ಪ ತೊಯ್ದು ತೊಪ್ಪೆಯಾಗಿ ಬಂದ. ಅಜ್ಜಿ ಒಂದೂ ಬಚ್ಚಿಡದೆ ಎಲ್ಲ ಹೇಳಿದಳು. ಪಾಲಪ್ಪ ಮಗಳ ತಲೆಯನ್ನು ಟವೆಲ್ಲಿನಿಂದ ಒರೆಸಿದ.

"ಇವತ್ತ ಹರೀಲಿಲ್ಲ ಅಲ್ಲಪ್ಪ?"

"ಹರೀತು ಮಗಳ. ಆದ್ರ ಭಾಳ ತಡ ಆಗಿ ಹರೀತು. ಸ್ವಲ್ಪ ಹರೀತು. ಪಂಚಾಯ್ತ್ಯಾರು ಏನಂತಾರೋ ನೋಡೋಣು."

ಮರುದಿನ ಶಾಲೆಯಲ್ಲಿ ಪ್ರಾರ್ಥನೆಗೂ ಮೊದಲು ಪಂಪಾವತಿ ಸೌಜನ್ಯಳ ಎದುರು ಹೋಗಿ ನಿಂತಳು. ಮುಚ್ಚಳ, ಮಳೆ ನೀರು, ಟ್ಯಾಂಕು, ಕೊತ್ತಂಬರಿ ಮಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ಸೋಮವಾರ ಅದನ್ನ ಎತ್ತಿದಾಕಿ ನಾನ. ನಮ್ಮಪ್ಪಂದು ತಪ್ಪಿಲ್ಲ. ಬೈಯೋದಿದ್ರ ನನಗ ಬೈ."

ಸೌಜನ್ಯ ಬೈಯಲಿಲ್ಲ. "ಮುಚ್ಚಳ ಅಂದ್ರ... ಆ ದುಂಡಂದೇನು? ಹಾರಿ ಹಾಕಿ ಎತ್ತೋದು?"

"ಹೂಂ."

ಸೌಜನ್ಯ ತಲೆ ತಗ್ಗಿಸಿದಳು. "ನಮ್ಮಪ್ಪಾನೂ ಎತ್ತತಾನ. ಪ್ರತಿ ಮಳಿಗೂ. ನಿನ್ನಿನೂ ಎತ್ತಿದ. ನಾನ ಛತ್ರಿ ಹಿಡ್ಕೊಂಡು ನಿಂತಿದ್ದೆ."

ಪಂಪಾವತಿಯ ನಾಲಿಗೆ ತುದಿಗೆ ಒಂದು ಖಾರದ ಮಾತು ಬಂತು. ಇಡೀ ಕ್ಲಾಸಿಗೆ ಕೇಳುವ ಹಾಗೆ ಕೂಗಬಹುದಿತ್ತು. ಆದರೆ ಸೌಜನ್ಯಳ ಕಣ್ಣುಗಳು ತುಂಬಿದ್ದವು. ನಿನ್ನೆ ಅಜ್ಜಿಯ ಮುಖವೂ ಹೀಗೇ ಆಗಿತ್ತು. ಆ ಮಾತನ್ನು ಅವಳು ನುಂಗಿಕೊಂಡಳು.

"ನಿಮ್ಮಪ್ಪಗ ಗೊತ್ತಿಲ್ಲ ಲೇ. ನಾವ ಹೇಳ್ಬೇಕು," ಎಂದಳು.

"ಅಯ್ಯೋ, ಭಾಳ ಬೈತಾನ!"

"ಇಬ್ಬರಿಗೂ ಬೈಲಿ ತಗ. ಸಂಜಿಕೆ ನಾನೂ ಬರ್ತೀನಿ."