ಮಲಗಿದವರು ಕುಲುಕದ ಹಾಗೆ

"ನಿಲ್ಸಿ! ನಿಲ್ಸಿ ಅಂದ್ನಲ್ಲ!"

ಗ್ಯಾರೇಜಿನ ಬಾಗಿಲಲ್ಲಿ ಎರಡೂ ಕೈ ಅಗಲಿಸಿ ನಿಂತವನನ್ನು ಕಂಡು ಅವಳು ಗಕ್ಕನೆ ಬ್ರೇಕ್ ಒತ್ತಿದಳು. ವ್ಯಾನು ಒಮ್ಮೆ ಕುಪ್ಪಳಿಸಿ ಆಫ್ ಆಯಿತು.

"ಮುಂದಕ್ಕೆ ಹೋಗ್ತಿರೋ ಗಾಡಿಗೆ ಯಾರಾದ್ರೂ ರಿವರ್ಸ್ ಹಾಕ್ತಾರಾ? ಆ ಕಿರುಚಾಟ ನಿಮಗೆ ಕೇಳಿಸಲ್ವಾ? ಗೇರ್‌ಬಾಕ್ಸ್ ಮೇಲೆ ಏನ್ ದ್ವೇಷಾರೀ ನಿಮಗೆ?"

ಕೈತುಂಬ ಗ್ರೀಸು, ಗಂಟಿಕ್ಕಿದ ಹುಬ್ಬು. ಗೇರ್‌ಬಾಕ್ಸ್ ರಿಪೇರಿಗೆ ಊರಲ್ಲೇ ಹೆಸರಾದ ಮೆಕ್ಯಾನಿಕ್ ಇವನೇ! ಮುಖ ನೋಡಿದ ಕೂಡಲೇ ಹೀಗೆ ಬೈಯುವುದಾ?

"ಸರಿಯಾಗಿ ಕಲಿಸೋರು ಇದ್ದಿದ್ರೆ ನಿಮ್ಮ ಬಾಗಿಲಿಗೆ ಯಾಕೆ ಬರ್ತಿದ್ದೆ?" ಎಂದಳು. ತಲೆ ತಗ್ಗಿಸಲಿಲ್ಲ.

ಅಷ್ಟರಲ್ಲಿ ಅವನ ಕಣ್ಣು ವ್ಯಾನಿನ ಮೈಮೇಲಿನ ಬರಹದ ಮೇಲೆ ಬಿತ್ತು. ಶವವಾಹನ.

ಅವನು ಒಂದು ಹೆಜ್ಜೆ ಹಿಂದೆ ಸರಿದ.

'ಇವನೂ ಅಷ್ಟೇ!' ಎಂದುಕೊಂಡಳು.

ಆ ವ್ಯಾನು ಅವಳ ಅಪ್ಪನದು. ಲಕ್ವ ಹೊಡೆದು ಅಪ್ಪ ಹಾಸಿಗೆ ಹಿಡಿದ ಮೇಲೆ ಸ್ಟಿಯರಿಂಗ್ ಅವಳ ಪಾಲಿಗೆ ಬಂದಿತ್ತು. ಲೈಸೆನ್ಸ್ ಏನೋ ಇತ್ತು, ಕೈ ಪಳಗಿರಲಿಲ್ಲ. ಬೀದಿಯವರು ಅವಳಿಗೆ 'ಕೊನೇ ಟ್ರಿಪ್' ಎಂದು ಹೆಸರಿಟ್ಟು ನಗುತ್ತಿದ್ದರು. ಮದುವೆಯ ಮಾತು ತೆಗೆದವರು ಮನೆ ಮುಂದೆ ನಿಂತ ವ್ಯಾನು ಕಂಡು ಮಾತು ಬದಲಿಸುತ್ತಿದ್ದರು.

ಗೇರ್‌ಬಾಕ್ಸ್ ಬಿಚ್ಚಿದ ದಿನ ಮೆಕ್ಯಾನಿಕ್ ಅವಳನ್ನು ಹತ್ತಿರ ಕರೆದು ತೋರಿಸಿದ. ಎಣ್ಣೆಯಲ್ಲಿ ಕಬ್ಬಿಣದ ಪುಡಿ ಮಿನುಗುತ್ತಿತ್ತು. ಎರಡನೇ ಗೇರಿನ ಹಲ್ಲುಗಳು ಸವೆದು ಮೊಂಡಾಗಿದ್ದವು.

"ಕ್ಲಚ್ ಅರ್ಧ ಒತ್ತಿ ಗೇರ್ ನೂಕಿದ್ರೆ ಹೀಗೇ ಆಗೋದು. ಹೊಸದು ಹಾಕ್ತೀನಿ. ಇದೇ ಥರ ಓಡಿಸಿದ್ರೆ ಅದೂ ಉಳಿಯಲ್ಲ."

"ಹಾಗಾದ್ರೆ ಕಲಿಸಿ."

ಅವನು ಕೈಯ ಎಣ್ಣೆ ಒರೆಸಿಕೊಂಡ. "ಬೆಳಗ್ಗೆ ಬನ್ನಿ. ಹಿಂದಿನ ರಸ್ತೆ ಖಾಲಿ ಇರುತ್ತೆ."

ಪಾಠ ಶುರುವಾಗಿದ್ದು ಅವನ ಹಳೇ ಕಾರಿನಲ್ಲಿ.

"ಪೂರ್ತಿ ಒತ್ತಿ... ಈಗ ನ್ಯೂಟ್ರಲ್. ಒಂದು ಉಸಿರು ತಡೀರಿ. ಈಗ ಎರಡು. ನೂಕಬೇಡಿ, ಅದೇ ಹೋಗುತ್ತೆ."

"ಹೋಗ್ಲಿಲ್ಲ!"

"ಹೋಗುತ್ತೆ. ನಿಮ್ಮಷ್ಟು ಹಟ ಅದಕ್ಕಿಲ್ಲ."

ಗೇರ್ ಬಿದ್ದ ಮೇಲೂ ಅವಳು ಲಿವರ್ ಹಿಡಿದೇ ಇದ್ದರೆ ರೇಗುತ್ತಿದ್ದ. "ಕೈ ತೆಗೀರಿ! ಅದೇನು ಊರುಗೋಲಲ್ಲ. ಕೈಯ ಭಾರ ಬಿದ್ದೂ ಬಿದ್ದೂ ಒಳಗೆ ಸವೆಯುತ್ತೆ."

ಒಂದು ಬೆಳಗ್ಗೆ ಎರಡನೇ ಗೇರ್ ಸದ್ದೇ ಇಲ್ಲದೆ ಬಿತ್ತು. ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ! ಅವಳು ನಕ್ಕುಬಿಟ್ಟಳು. ನಕ್ಕು ಎಷ್ಟು ಕಾಲವಾಗಿತ್ತೋ... ತೋರಿಸಲೆಂದು ಅವಳ ಕೈಮೇಲೆ ಇಟ್ಟ ತನ್ನ ಕೈಯನ್ನು ಅವನು ತೆಗೆಯಲು ಮರೆತಿದ್ದ.

"ಕೈ ತೆಗೀರಿ," ಎಂದಳು ಮೆಲ್ಲಗೆ. "ಅದೇನು ಊರುಗೋಲಲ್ಲ."

ಅವನ ಕಿವಿ ಕೆಂಪಾಯಿತು. ಅವಳ ಎದೆ ಮಾತ್ರ ಮನೆ ಮುಟ್ಟಿದರೂ ಸುಮ್ಮನಾಗಲಿಲ್ಲ.

ವ್ಯಾನು ರಿಪೇರಿಯಾಗಿ ಬಂತು. "ಇವತ್ತು ನನ್ನ ಗಾಡೀಲಿ ಪಾಠ, ಬನ್ನಿ!" ಎಂದು ಬಾಗಿಲು ತೆರೆದಳು.

"ನೀವು ಓಡಿಸಿ. ನಾನು ಹೊರಗೆ ನಿಂತು ಸದ್ದು ಕೇಳ್ತೀನಿ."

ಮರುದಿನವೂ ಅದೇ ಮಾತು. ಅದರ ಮರುದಿನವೂ ಅವನು ರಸ್ತೆ ಬದಿಯಲ್ಲೇ ನಿಂತ.

"ಒಳಗೆ ಕೂತ್ಕೊಳ್ಳಿ ಅಂದ್ರೆ..."

"ಆಗಲ್ಲ."

"ಯಾಕೆ?"

"ಆಗಲ್ಲ ಅಂದ್ನಲ್ಲ!"

ಅವಳೊಳಗೆ ಏನೋ ಮುರಿಯಿತು. "ಹೆಣ ಹೊರೋ ಗಾಡಿ ಅಂತ ಹೇಸಿಗೆ, ಅಲ್ವಾ? ಹಾಗಿದ್ರೆ ಆ ಗಾಡಿ ಓಡಿಸೋ ಕೈನ ಯಾಕೆ ಹಿಡಿದ್ರಿ?"

ಅವನ ಮುಖ ಬಿಳಿಚಿಕೊಂಡಿತು. ಅವಳು ಹೊರಟುಹೋದಳು. ಮತ್ತೆ ಆ ರಸ್ತೆಗೆ ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ ನೀರು ಕುಡಿಸಲೆಂದು ಅಪ್ಪನ ತಲೆ ಎತ್ತಿದಳು. ತಲೆ ಭಾರವಾಗಿತ್ತು. ಅಪ್ಪ ಇರಲಿಲ್ಲ.

"ಬೇರೆ ಡ್ರೈವರ್ ಕರೆಸ್ತೀನಿ ಮಗಳೇ," ಎಂದು ಚಿಕ್ಕಪ್ಪ ಬಿಕ್ಕಿದರು. "ಅಪ್ಪನ್ನ ನೀನೇ ಕರ್ಕೊಂಡು ಹೋಗೋದಾ?"

"ಊರಿನವರನ್ನೆಲ್ಲ ಕರ್ಕೊಂಡು ಹೋದೆ ಚಿಕ್ಕಪ್ಪ. ಅಪ್ಪನ್ನ ಬೇರೆಯವರ ಕೈಗೆ ಕೊಡ್ಲಾ?"

ಆದರೆ ಹಿಂದೆ ಅಪ್ಪನ ಪಕ್ಕ ಕೂರುವವರು ಯಾರು? ಚಿಕ್ಕಪ್ಪನ ಮಂಡಿ ವ್ಯಾನು ಹತ್ತಲು ಬಿಡಲಿಲ್ಲ. ನೆರೆಯವರು ಒಬ್ಬರ ಮುಖ ಒಬ್ಬರು ನೋಡಿದರು.

ಆಗ ಗುಂಪು ಸರಿಸಿ ಬಂದವನು ಮೆಕ್ಯಾನಿಕ್. ಸುದ್ದಿ ಕೇಳಿ ಕೈಯ ಗ್ರೀಸು ಕೂಡ ತೊಳೆಯದೆ ಓಡಿಬಂದಿದ್ದ. ವ್ಯಾನಿನ ಬಾಗಿಲು ಹಿಡಿದು ಒಮ್ಮೆ ಕಣ್ಣು ಮುಚ್ಚಿದ. ಆಮೇಲೆ ಹತ್ತಿ, ಅಪ್ಪನ ತಲೆಯ ಬಳಿ ನೆಲದ ಮೇಲೆ ಕುಳಿತ. "ಹೊರಡಿ," ಎಂದ.

ಕನ್ನಡಿಯಲ್ಲಿ ಅವನು ಕಾಣುತ್ತಿದ್ದ. ಎರಡೂ ಅಂಗೈಯಲ್ಲಿ ಅಪ್ಪನ ತಲೆ ಹಿಡಿದಿದ್ದ. ಹಣೆಯಿಂದ ಬೆವರಿಳಿಯುತ್ತಿತ್ತು, ಭುಜ ನಡುಗುತ್ತಿತ್ತು. 'ಇದು ಹೇಸಿಗೆ ಅಲ್ಲ... ಮತ್ತೇನು?'

ಸ್ಮಶಾನದ ದಾರಿ ಕಡಿದಾದ ಇಳಿಜಾರು. ಅವಳು ವೇಗ ತಗ್ಗಿಸಿದಳು, ಕ್ಲಚ್ ಪೂರ್ತಿ ಒತ್ತಿದಳು. ನ್ಯೂಟ್ರಲ್. ಒಂದು ಉಸಿರು. ಈಗ ಎರಡು. ಪೆಡಲನ್ನು ನಿಧಾನ ಬಿಟ್ಟಳು.

ವ್ಯಾನು ಒಂದಿಷ್ಟೂ ಕುಲುಕಲಿಲ್ಲ. ಅಪ್ಪ ನಿದ್ದೆಯಲ್ಲಿದ್ದ ಹಾಗೇ ಇದ್ದ.

ಹಿಂದೆ ಅವನು ಅಳುತ್ತಿದ್ದ.

ಎಲ್ಲ ಮುಗಿದು ಜನ ಚದುರಿದ ಮೇಲೆ, ಕಾಂಪೌಂಡಿನ ಕಲ್ಲುಬೆಂಚಿನ ಮೇಲೆ ಅವನು ಬಾಯಿಬಿಟ್ಟ.

"ನನ್ನ ತಂಗಿ... ಆಸ್ಪತ್ರೆಯಿಂದ ಇಂಥದೇ ವ್ಯಾನಲ್ಲಿ ತಂದ್ವಿ. ಡ್ರೈವರ್ ಗೇರ್ ಎಳೆದು ಹಾಕಿದಾಗೆಲ್ಲ ಅವಳ ತಲೆ ಹಲಗೆಗೆ ಬಡೀತಿತ್ತು. ನಾನು ಹಿಡ್ಕೊಂಡೆ. ಆದ್ರೂ ಬಡೀತಿತ್ತು. ಸತ್ತವರಿಗೆ ನೋವಾಗಲ್ಲ ಬಿಡು ಅಂದ್ರು. ನನಗೆ ಮಾತ್ರ ಆ ಸದ್ದು ಇನ್ನೂ ಹೋಗಿಲ್ಲ. ಹೇಸಿಗೆ ಅಲ್ಲ ಕಣ್ರೀ... ಭಯ."

ಅವಳು ಅವನ ಕಡೆ ತಿರುಗಿದಳು. "ಅವತ್ತೇ ಯಾಕೆ ಹೇಳ್ಲಿಲ್ಲ?"

"ಬಾಯಿ ಬರ್ಲಿಲ್ಲ. ನೀವು ಹೋದ ಮೇಲೆ ಗ್ಯಾರೇಜ್ ಗೋಡೆಗೆ ಹೇಳಿದೆ."

"ಗೋಡೆ ಏನಂತು?"

"ಹೋಗಿ ಅವರಿಗೇ ಹೇಳು ಅಂತು. ಕಾಲು ಬರ್ಲಿಲ್ಲ."

ಸಂಜೆ ಅವನು ಅವಳ ಜೊತೆ ಮನೆಯವರೆಗೆ ಬಂದ. ಚಿಕ್ಕಪ್ಪ ಒಳಕೋಣೆಯಲ್ಲಿ ಮಲಗಿದ್ದರು. ನಡುಮನೆಯಲ್ಲಿ ಅಪ್ಪನ ಮಂಚ ಬರಿದಾಗಿತ್ತು.

"ಈ ಹೊತ್ತಲ್ಲಿ ಹೇಳಬಾರದು," ಅವನು ಬಾಗಿಲಲ್ಲೇ ನಿಂತ. "ಹೇಳದೆ ಹೋಗೋದು ಇನ್ನೊಂದು ಸಲ ನನ್ನಿಂದಾಗಲ್ಲ. ನೀವಂದ್ರೆ ನನಗೆ ಪ್ರಾಣ."

ಅವಳು ಮಂಚವನ್ನೇ ನೋಡುತ್ತಿದ್ದಳು. "ಈ ಕೆಲಸ ನಾನು ಬಿಡಲ್ಲ."

"ಬಿಡಿ ಅಂತ ಯಾರಂದ್ರು?"

"ಜನ ನಿಮ್ಮನ್ನೂ ಆಡ್ಕೊಳ್ತಾರೆ."

"ಆಡ್ಕೊಳ್ಲಿ. ಅವರ ಗಾಡಿ ಒಂದಿನ ನನ್ನ ಗ್ಯಾರೇಜಿಗೆ ಬರುತ್ತೆ."

"ಅವರು ನನ್ನ ಗಾಡಿಗೆ ಬರ್ತಾರೆ," ಎಂದಳು. ನಗು ಬರಬೇಕಿತ್ತು. ಬಂದದ್ದು ಅಳು. ಮಧ್ಯಾಹ್ನದಿಂದ ತಡೆದಿದ್ದೆಲ್ಲ ಒಮ್ಮೆಲೇ ಬಂತು.

ಅವನು ಕಾದ. ಅವಳು ಕಣ್ಣೊರೆಸಿಕೊಂಡ ಮೇಲೆ ಮೆಲ್ಲಗೆ ಹೇಳಿದ: "ಉತ್ತರ ಯಾವಾಗಾದ್ರೂ ಕೊಡಿ. ನಾನಿನ್ನು ಬರ್ತೀನಿ."

ಮೆಟ್ಟಿಲಿಳಿಯುವಾಗ ಹಿಂದಿನಿಂದ ಅವಳ ದನಿ ಕೇಳಿತು.

"ಹೋಗ್ಬೇಡ ಕಣೋ..."

ಅವನು ಗಕ್ಕನೆ ತಿರುಗಿದ. ಈವರೆಗೆ ಅವಳು ಅವನನ್ನು ಏಕವಚನದಲ್ಲಿ ಕರೆದವಳೇ ಅಲ್ಲ.

"ಹೋಗಲ್ಲ ಕಣೇ," ಎಂದ.