ಪರದೆಯ ಮೂಲೆಯ ಮುದುಕ

"ಅದನ್ನ ಮುಟ್ಬೇಡಿ!"

ಇಡೀ ಅಂಗಡಿ ತಿರುಗಿ ನೋಡಿತು. ಕೊನೆಯ ಕೌಂಟರಿನ ಹುಡುಗಿ ತನ್ನ ಬಿಲ್ಲಿಂಗ್ ಕಂಪ್ಯೂಟರಿಗೆ ಅಡ್ಡ ನಿಂತಿದ್ದಳು. ಎದುರಿಗೆ ಸ್ಕ್ರೂಡ್ರೈವರ್ ಹಿಡಿದ ರಿಪೇರಿಯವನು.

"ಮೇಡಂ, ಇದು ಒಂದು ಸೋಪಿಗೆ ಬಿಲ್ ಹಾಕೋಷ್ಟರಲ್ಲಿ ಗಿರಾಕಿ ಸ್ನಾನಾನೇ ಮುಗಿಸಿ ಬರಬಹುದು. ಬಿಚ್ಚಲೇಬೇಕು."

ಅವಳಿಗೆ ನಗು ಬಂತು. ಛೇ... ನಗಬಾರದಿತ್ತು!

"ಸರಿ, ನಿಮ್ದು ಕೊನೆಗೆ," ಎಂದು ಅವನು ಪಕ್ಕದ ಕೌಂಟರಿಗೆ ಹೋದ.

ಆ ಹಳೆಯ ಯಂತ್ರಗಳ ಹೊಟ್ಟೆಯಿಂದ ದಿಂಬು ತುಂಬುವಷ್ಟು ಧೂಳು ತೆಗೆದ. ಹೊಸ ಡಿಸ್ಕ್ ಹಾಕಿದ, ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್ ಕೊಟ್ಟ. ಬಿಲ್ಲಿಂಗ್ ಒಂದನ್ನು ಬಿಟ್ಟು ಬೇರೇನೂ ಓಡದಂತೆ ಬಿಗಿ ಮಾಡಿದ. ಗಿರಾಕಿಗಳ ಕಾರ್ಡಿನ ಗುಟ್ಟು ಇದರೊಳಗೇ ಹಾದುಹೋಗುವುದರಿಂದ, ಒಂದು ಕಿಂಡಿ ತೆರೆದಿದ್ದರೂ ಕಳ್ಳನಿಗೆ ಅದೇ ಹೆಬ್ಬಾಗಿಲು ಎನ್ನುತ್ತಿದ್ದ.

"ಉಳಿದದ್ದೆಲ್ಲ ಚಕಚಕ ಮುಗಿಸಿದ. ನಿನ್ನ ಕೌಂಟರಿಗೆ ಮಾತ್ರ ಇನ್ನೂ ಮುಹೂರ್ತ ಕೂಡಿ ಬರ್ಲಿಲ್ವಲ್ಲೇ!" ಎಂದು ಪಕ್ಕದವಳು ಚುಡಾಯಿಸಿದಳು.

ಇವಳ ಕೆನ್ನೆ ಕೆಂಪಾಯಿತು. ಎದೆಯೊಳಗೆ ಮಾತ್ರ ಬೇರೆಯದೇ ದಿಗಿಲು.

ಕೊನೆಗೂ ಅವಳ ಸರದಿ ಬಂತು. ಬಿಲ್ಲಿಂಗ್ ಪುಟವನ್ನು ಅವನು ಸರಿಸಿದಾಗ ಪರದೆಯ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಚಿತ್ರ ಕಂಡಿತು. ಒಂದು ಮಂಚ. ಅದರ ಮೇಲೆ ಮುದುಕ. ಮುದುಕ ಮಗ್ಗುಲು ಬದಲಿಸಿದ...

"ಇದ್ಯಾರು?"

ಪಾರ್ಶ್ವವಾಯು ಬಡಿದ ಅವಳ ಅಪ್ಪ. ಮನೆಯಲ್ಲಿ ಮತ್ತೆ ಯಾರೂ ಇರಲಿಲ್ಲ. ಕೆಲಸದವರ ಮೊಬೈಲುಗಳನ್ನು ಅಂಗಡಿಯ ಸಾಹುಕಾರರು ಬೆಳಿಗ್ಗೆಯೇ ತಮ್ಮ ಡ್ರಾಯರಿಗೆ ಹಾಕಿಸಿಕೊಳ್ಳುತ್ತಿದ್ದರು. ಹಾಗಾಗಿ ಮನೆಯ ಕ್ಯಾಮೆರಾವನ್ನು ಅವಳು ಗುಟ್ಟಾಗಿ ಈ ಯಂತ್ರಕ್ಕೆ ಜೋಡಿಸಿಕೊಂಡಿದ್ದಳು. ಅಪ್ಪ ಒದ್ದಾಡುವುದು ಕಂಡರೆ ಅಂಗಡಿಯ ಫೋನಿನಿಂದ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು.

ಈಗ ಸಾಹುಕಾರರು ಬೆನ್ನ ಹಿಂದೆಯೇ ನಿಂತಿದ್ದರು. ಕೆಲಸ ಹೋದರೆ ಅಪ್ಪನ ಔಷಧ?

"ಗೊತ್ತಿಲ್ಲ," ಎಂದಳು.

"ಯಾರೋ ಹೊರಗಿಂದ ನುಗ್ಗಿಸಿರ್ತಾರೆ. ತೆಗೀರಿ ಅದನ್ನ," ಎಂದರು ಸಾಹುಕಾರರು.

ಅವನು ಅವಳ ಮುಖ ನೋಡಿದ. ಸಾಹುಕಾರರ ಮುಖ ನೋಡಿದ. ತೆಗೆದ.

ನಾಳೆ ಅವನನ್ನೇ ಗುಟ್ಟಾಗಿ ಕೇಳಿಕೊಂಡರಾಯಿತು... ಒಂದು ದಿನದಲ್ಲಿ ಏನಾಗಿಬಿಡುತ್ತದೆ?

ಅಂದೇ ಅಪ್ಪ ನೀರಿಗೆ ಕೈಚಾಚಿ ಮಂಚದಿಂದ ಬಿದ್ದರು. ಸಂಜೆ ಅವಳು ಬಾಗಿಲು ತೆರೆಯುವವರೆಗೂ ತಣ್ಣನೆಯ ನೆಲದ ಮೇಲೇ ಇದ್ದರು. ಕಂಪ್ಯೂಟರ್ ಮಾತ್ರ ಅಂದು ಕುದುರೆಯಂತೆ ಓಡಿತ್ತು.

'ಅಂಗಡಿಯಲ್ಲಿ ರಿಪೇರಿಯವರು ಕ್ಯಾಮೆರಾ ತೆಗೆದುಬಿಟ್ರು' ಎಂದಷ್ಟೇ ಅವಳು ಸೋದರತ್ತೆಗೆ ಹೇಳಿದಳು. ಅರ್ಧ ಸತ್ಯಕ್ಕೆ ಕಾಲು ಜಾಸ್ತಿ. ಅಪ್ಪನನ್ನು ಸೇರಿಸಿದ ಸುದ್ದಿ ತಿಳಿದು ರಿಪೇರಿಯವನು ಆಸ್ಪತ್ರೆಗೆ ಬಂದಾಗ ಅತ್ತೆ ಎಲ್ಲರೆದುರು ಕೂಗಿದರು.

"ಮನೆಹಾಳ! ಒಂದು ಮಾತು ಕೇಳಿ ತೆಗೆಯೋಕೆ ನಿನ್ನ ಬಾಯಿಗೇನು ಬಂದಿತ್ತು?"

ಅವನು ತಲೆ ತಗ್ಗಿಸಿದ. "ತಪ್ಪಾಯ್ತಮ್ಮ."

ಕೇಳಿದ್ದನಲ್ಲ! ಅವಳು ಗೋಡೆಗೆ ಒರಗಿ ನಿಂತಿದ್ದಳು. ಈ ಸಲವೂ ಬಾಯಿ ಬಿಡಲಿಲ್ಲ.

ವಾರ ತುಂಬುವ ಮೊದಲೇ ಅಪ್ಪ ಹೋದರು.

ಅತ್ತೆಯ ಬಾಯಿಂದ ಸುದ್ದಿ ಊರು ಸುತ್ತಿತು. ಅವಳು ಕೆಲಸಕ್ಕೆ ಮರಳಿದ ದಿನ ಸಾಹುಕಾರರು ರಿಪೇರಿಯವನನ್ನು ಕರೆಸಿ ಗಿರಾಕಿಗಳ ಮುಂದೆಯೇ ಕೈ ತೊಳೆದುಕೊಳ್ಳುತ್ತಿದ್ದರು.

"ಯಾರನ್ನೂ ಕೇಳದೆ ತೆಗೆದ್ರಿ. ನಾಳೆಯಿಂದ ಬರಬೇಡಿ. ಬೇರೆ ಅಂಗಡಿಯವರಿಗೂ ಹೇಳಿದ್ದೀನಿ."

ಅವನು ಚೀಲ ಎತ್ತಿಕೊಂಡ. ಬಾಗಿಲ ಕಡೆ ತಿರುಗಿದ.

ಮೂರನೇ ಸಲವೂ ಸುಮ್ಮನಿದ್ದರೆ... ನಾನು ಮನುಷ್ಯಳೇ ಅಲ್ಲ!

"ಅವರು ಕೇಳಿದ್ರು!" ಅವಳ ದನಿ ಒಡೆಯಿತು. "ನಿಮ್ಮೆದುರಿಗೇ ಕೇಳಿದ್ರು ಸರ್. ತೆಗೀರಿ ಅಂದಿದ್ದು ನೀವು. ನಮ್ಮಪ್ಪನ್ನ ಗೊತ್ತಿಲ್ಲ ಅಂದಿದ್ದು ನಾನು."

ಸಾಹುಕಾರರ ಮುಖ ಕಪ್ಪಿಟ್ಟಿತು. "ನಿನ್ನ ಕೆಲಸ..."

"ಗೊತ್ತು ಸರ್. ನನ್ನ ಮೊಬೈಲ್ ಕೊಡಿ."

ಬೀದಿಯಲ್ಲಿ ಇಬ್ಬರೂ ಸ್ವಲ್ಪ ದೂರ ನಡೆದರು.

"ಕೆಲಸ ಕಳ್ಕೊಂಡ್ರಿ," ಎಂದ ಅವನು.

"ನೀವೇನು ಉಳಿಸ್ಕೊಂಡ್ರಾ?" ಅವಳು ನಿಂತಳು. "ಅತ್ತೆ ಅಷ್ಟು ಬೈದಾಗ ಯಾಕೆ ಸುಮ್ಮನಿದ್ರಿ?"

"ಗೊತ್ತಿಲ್ಲ ಅನ್ನುವಾಗಲೂ ನಿಮ್ಮ ಕಣ್ಣು ಆ ಮಂಚದ ಮೇಲೇ ಇತ್ತು. ನಾನು ನೋಡ್ದೆ. ಆದ್ರೂ ತೆಗೆದೆ... ನನಗೂ ಸಾಹುಕಾರರ ಭಯ. ಬೈಗುಳ ನನಗೂ ಸೇರಬೇಕಾದ್ದೇ." ಅವನು ಚೀಲದ ಹೆಗಲು ಬದಲಿಸಿದ. "ಮತ್ತೆ... ನಿಮ್ಮನ್ನ ಯಾರಾದ್ರೂ ಬೈಯೋದು ನನ್ನಿಂದ ನೋಡೋಕಾಗಲ್ಲ. ಇಂಥ ಹೊತ್ತಲ್ಲಿ ಹೇಳೋ ಮಾತಲ್ಲ ಇದು. ಆದ್ರೂ ಹೇಳ್ಬಿಟ್ಟೆ."

ಅಪ್ಪ ಹೋದ ಮೇಲೆ ಮೊದಲ ಬಾರಿಗೆ ಅವಳಿಗೆ ಕಣ್ಣೀರು ಬಂತು.

"ಮನೆಗೆ ಹೋಗೋಕೆ ಭಯ ಆಗುತ್ತೆ. ಆ ಖಾಲಿ ಮಂಚ..."

"ಬಾಗಿಲವರೆಗೆ ಬರ್ಲಾ?"

"ಬಾಗಿಲವರೆಗೆ ಬಂದು ಏನ್ಮಾಡ್ತೀರಿ?" ಅವಳು ಕಣ್ಣೊರೆಸಿಕೊಂಡಳು. "ಒಳಗೇ ಬನ್ನಿ. ಅಪ್ಪ ಹೇಗಿದ್ರು ಅಂತ ಹೇಳ್ಬೇಕು. ನಿಮಗೆ ಅವರು ಯಾರು ಅಂತ ನಾನಿನ್ನೂ ಹೇಳೇ ಇಲ್ಲ."

"ಹೇಳಿ," ಎಂದು ಅವನು ಅವಳ ಕೈ ಹಿಡಿದ. "ಎಷ್ಟು ಹೊತ್ತಾದ್ರೂ ಕೂತು ಕೇಳ್ತೀನಿ."