ಮೂರನೇ ಹೆಜ್ಜೆಗೆ ಬಿಡದ ಚೆಂಡು

ಎಮೆಟ್ ರಕ್ತ ಉಗುಳಿದ. ಲೋರ್ನಾ ಅವನ ಗದ್ದ ಹಿಡಿದು ಬಾಯೊಳಗೆ ಹತ್ತಿ ತುರುಕಿ, "ನೋವಾಗ್ತಿದ್ಯಾ?" ಎಂದಳು.

"ನಿನ್ನ ಕೈ ತಣ್ಣಗಿದೆ. ಅದೊಂದೇ ನೋವು."

"ಮಾತಿಗೇನೂ ಕಮ್ಮಿ ಇಲ್ಲ. ನಾಲಿಗೆ ಕಚ್ಕೊಂಡಿದ್ದೀಯ, ಬಾಯಿ ಮುಚ್ಕೊಂಡಿರು."

ಅವನು ಕಣ್ಣು ಹೊಡೆದು ಮೈದಾನಕ್ಕೆ ಓಡಿದ.

ಮೂರು ವರ್ಷದಿಂದ ಇದೇ ಸರಸ. ಈರಿ ಸರೋವರದ ದಂಡೆಯ ಒಂದು ಊರಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಗಾಯ ನೋಡಿಕೊಳ್ಳುವವಳು ಲೋರ್ನಾ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಎಮೆಟ್. ವಾರವೆಲ್ಲ ಅವನಿಗೆ ಮನೆಗಳ ಛಾವಣಿ ಹೊದಿಸುವ ಕೆಲಸ, ಶನಿವಾರ ಮೂಳೆ ಮುರಿಸಿಕೊಳ್ಳುವ ಕೆಲಸ. ಅವನ ಪಕ್ಕೆಲುಬು ಎಲ್ಲೆಲ್ಲಿ ಮುರಿದು ಕೂಡಿಕೊಂಡಿದೆ ಎಂದು ಅವಳ ಬೆರಳಿಗೆ ಗೊತ್ತು. ಪಟ್ಟಿ ಸುತ್ತಿದ ಮೇಲೂ ಆ ಬೆರಳು ಅಲ್ಲೇ ಸ್ವಲ್ಪ ಹೊತ್ತು ಉಳಿಯುತ್ತದೆ ಎಂದು ಅವನಿಗೂ ಗೊತ್ತು. ಹಾಳಾದವನು ಬಾಯಿ ಬಿಟ್ಟು ಒಂದು ಮಾತು ಹೇಳಬೇಕಲ್ಲ.

ಅವನ ತೋಳಿನಲ್ಲಿ ದೂರ ಎಸೆಯುವ ಕಸುವಿರಲಿಲ್ಲ. ಅದಕ್ಕೇ ಕೋಚ್ ವುಕೋವಿಚ್ ಗಿಡ್ಡ ಎಸೆತಗಳ ಆಟ ಕಟ್ಟಿದ್ದ. ಮೂರು ಹೆಜ್ಜೆ ಹಿಂದಕ್ಕೆ. ಮೂರನೆಯದು ಊರುತ್ತಲೇ ಚೆಂಡು ಕೈ ಬಿಟ್ಟಿರಬೇಕು. ಹಿಡಿಯುವವನು ಇನ್ನೂ ಬೆನ್ನು ತೋರಿಸಿ ಓಡುತ್ತಿರುತ್ತಾನೆ, ಅವನು ತಿರುಗುವ ಜಾಗಕ್ಕೆ ಚೆಂಡು ಮೊದಲೇ ಹೊರಟಿರಬೇಕು. ಅವನಿಗೆ ಯಾರಾದರೂ ಅಡ್ಡ ನಿಂತಿದ್ದರೆ ಇನ್ನೊಬ್ಬನಿಗೆ, ಅದೂ ಆಗದಿದ್ದರೆ ಪಕ್ಕದಲ್ಲೇ ಕಾದವನಿಗೆ. ಸಿಗುವುದು ಐದೋ ಆರೋ ಗಜ. ಆದರೆ ಎದುರಾಳಿ ಮೈದಾನದ ಅಗಲಕ್ಕೂ ಓಡಿ ಓಡಿ ಸುಸ್ತಾಗುತ್ತಾನೆ. "ಚೆಂಡು ಕೆಂಡ ಕಣ್ರೋ, ಕೈಯಲ್ಲಿಟ್ಕೊಂಡ್ರೆ ಸುಡುತ್ತೆ" ಎಂದು ಕೋಚ್ ದಿನಾ ಗಂಟಲು ಹರಿದುಕೊಳ್ಳುತ್ತಿದ್ದ.

ಅಂದು ಫೈನಲ್. ಎದುರಿನವರು ಕೊಲ್ಲಲೆಂದೇ ಬಂದಂತಿದ್ದರು. ಎಸೆದಾದ ಮೇಲೂ ಎಮೆಟ್‌ನನ್ನು ಕೆಡವಿದರು, ಗಂಟಲಿಗೆ ಮೊಣಕೈ ಕೊಟ್ಟರು, ಮೈಮೇಲೆ ರಾಶಿ ಬಿದ್ದು ಅಡಿಯಲ್ಲಿ ಬೆರಳು ತಿರುಚಿದರು. ಅವನು ಎದ್ದ, ಎಸೆದ, ಬಿದ್ದ, ಮತ್ತೆ ಎದ್ದ. ಆಗ ಒಬ್ಬ ಧಡೂತಿ ತಲೆ ತಗ್ಗಿಸಿಕೊಂಡು ಗೂಳಿಯ ಹಾಗೆ ನುಗ್ಗಿ ಬಂದು ಗುದ್ದಿದ. ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿದ ಸದ್ದು ಗ್ಯಾಲರಿಯ ತುದಿಗೂ ಕೇಳಿಸಿತು. ನವೆಂಬರಿನ ಚಳಿಗೆ ಕಲ್ಲಾದ ನೆಲಕ್ಕೆ ಎಮೆಟ್‌ನ ತಲೆ ಇನ್ನೊಮ್ಮೆ ಅಪ್ಪಳಿಸಿತು.

ಎದ್ದು ಹೆಬ್ಬೆರಳು ತೋರಿಸಿದ. ಜನ ಚಪ್ಪಾಳೆ ತಟ್ಟಿದರು.

ಮುಂದಿನ ಎಸೆತಕ್ಕೆ ಮೂರು ಹೆಜ್ಜೆ ಇಟ್ಟ. ಚೆಂಡು ಕೈಯಲ್ಲೇ ಇತ್ತು. ನಾಲ್ಕನೆಯದನ್ನೂ ಇಟ್ಟು ಆಮೇಲೆ ಎಸೆದ. ಹಿಡಿಯುವವನು ಆಗಲೇ ತಿರುಗಿ ಕಾದು ನಿಂತಿದ್ದ, ಹೇಗೋ ಹಿಡಿದ.

"ಜಾಣ. ನೋಡ್ಕೊಂಡು ಎಸೀತಿದ್ದಾನೆ" ಎಂದ ಕೋಚ್.

ಲೋರ್ನಾಗೆ ಹಾಗನಿಸಲಿಲ್ಲ. ನಿದ್ದೆಗಣ್ಣಲ್ಲೂ ಮೂರಕ್ಕೇ ಬಿಡುವ ಕೈ ಅದು. ಪೆಟ್ಟು ಮಿದುಳಿಗೆ ಇಳಿದಿದೆ.

ಅವನು ಬೆಂಚಿಗೆ ಬಂದು ನೀರು ಕುಡಿಯಲು ಹೆಲ್ಮೆಟ್ ತೆಗೆದಿಟ್ಟದ್ದೇ ತಡ, ಅವಳು ಎತ್ತಿ ತನ್ನ ಕೋಟಿನೊಳಗೆ ಸೇರಿಸಿದಳು. ಅವಳ ಕಸುಬಿನವರ ಹಳೆಯ ಉಪಾಯ ಅದು. ಆಟಗಾರನಿಗೆ ಬುದ್ಧಿ ಹೇಳಿ ಉಪಯೋಗವಿಲ್ಲ. ಹೆಲ್ಮೆಟ್ ಇಲ್ಲದಿದ್ದರೆ ಒಳಗೆ ಬಿಡುವುದೇ ಇಲ್ಲ.

"ಹೋದ ವಾರ ಯಾರ ಜೊತೆ ಆಡಿದ್ವಿ, ಹೇಳು."

"ಇವರ ಜೊತೇನೇ ಅಲ್ವಾ?"

ಅಲ್ಲ.

"ಕೊಡೇ ಲೋರ್ನಾ. ನಾನು ಬದುಕಿರೋದೇ ಇದಕ್ಕೆ."

"ಸಾಯೋದೂ ಇದಕ್ಕೇನಾ? ಇನ್ನೊಂದು ಪೆಟ್ಟು ಬಿದ್ರೆ ಬೆಳಿಗ್ಗೆ ಏಳಲ್ಲ ಕಣೋ ನೀನು."

ಕೋಚ್ ಅವನ ಕಣ್ಣೊಳಗೆ ಇಣುಕಿ ನೋಡಿ ಬದಲಿ ಆಟಗಾರನನ್ನು ಕರೆದ.

ಎಮೆಟ್ ಅವಳ ಮುಂದೆ ಮಂಡಿಯೂರಿದ. "ನಿನ್ನನ್ನ ಪ್ರೀತಿಸ್ತೀನಿ ಲೋರ್ನಾ. ಮದುವೆ ಆಗ್ತೀನಿ. ಹೆಲ್ಮೆಟ್ ಕೊಡು."

ಮೂರು ವರ್ಷ ಕಾದಿದ್ದ ಮಾತು. ಬಂದದ್ದು ಹೀಗೆ. ಕೆನ್ನೆಗೆ ಹೊಡೆಸಿಕೊಂಡಷ್ಟು ಅವಮಾನವಾಯಿತು ಅವಳಿಗೆ. "ಕೊಡಲ್ಲ" ಎಂದಳು. ಅವನು ಬೆಂಚಿಗೆ ಒದ್ದು, ಬಾಯಿಗೆ ಬಂದ ಹಾಗೆ ಬೈದು, ವಾಂತಿ ಮಾಡಿಕೊಂಡು ಅವಳ ಕಾಲ ಬಳಿಯೇ ಕುಸಿದ.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಕಣ್ಣು ತೆರೆದ. "ಗೆದ್ವಾ?"

"ಸೋತ್ವಿ. ನಿನ್ನ ಹೆಲ್ಮೆಟ್ ಕಿತ್ಕೊಂಡಿದ್ದು ನಾನೇ. ಇನ್ಮೇಲೆ ಆಡೋ ಹಾಗಿಲ್ಲ ಅಂದ್ರು ಡಾಕ್ಟ್ರು. ಯಾವತ್ತೂ."

ಅವನು ಗೋಡೆ ಕಡೆ ತಿರುಗಿ ಅತ್ತ. ಅತ್ತು ಮುಗಿದ ಮೇಲೆ ಕೇಳಿದ: "ತುಂಬಾ ಗಲಾಟೆ ಮಾಡಿದ್ನಾ? ಒಂದೂ ನೆನಪಿಲ್ಲ."

"ಬೈದೆ. ಬೆಂಚಿಗೆ ಒದ್ದೆ." ನಗುತ್ತಲೇ ಹೇಳಬೇಕೆಂದುಕೊಂಡಿದ್ದಳು, ದನಿ ಒಡೆಯಿತು. "ಹೆಲ್ಮೆಟ್ ಕೊಟ್ರೆ ಮದುವೆ ಆಗ್ತೀನಿ ಅಂದೆ."

"ಕೊಟ್ಯಾ?"

"ಇಲ್ಲ."

"ಒಳ್ಳೇದೇ ಆಯ್ತು." ಅವನು ಮೆಲ್ಲಗೆ ಅವಳ ಕಡೆ ಹೊರಳಿದ. "ಈಗ ನಿನ್ನ ಹತ್ರ ಕೇಳೋಕೆ ನನಗೇನೂ ಉಳಿದಿಲ್ಲ ಲೋರ್ನಾ. ಈಗ ಹೇಳಿದ್ರೆ ನಂಬ್ತೀಯಾ?"

"ಹೇಳು, ನೋಡೋಣ."

ಹೇಳಿದ.